ಮಕ್ಕಳಿಗೊಂದು ಗೋಡೆ ಕೊಡಿ

ಮಾನ್ಯ ಸಂಪಾದಕರೇ,

ನಾನು ಉಡುಪಿಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರ್. ಕಳೆದ ವಾರ ಮಕ್ಕಳಿಗೆ ಬರ್ಲಿನ್ ಗೋಡೆಯ ಕತೆ ಹೇಳಿದೆ. ಜರ್ಮನಿಯ ಬರ್ಲಿನ್ ನಗರವನ್ನು ಪೂರ್ವ, ಪಶ್ಚಿಮ ಎಂದು ಸೀಳಿ 1961ರಲ್ಲಿ ಎದ್ದ ಗೋಡೆ 1989ರ ನವೆಂಬರ್ 9ರ ರಾತ್ರಿ ತೆರೆಯಿತು. ಮರುವರ್ಷ ಎರಡು ಜರ್ಮನಿಗಳು ಒಂದಾದವು. ಉಳಿದ ಗೋಡೆಯ 1.3 ಕಿಲೋಮೀಟರ್ ಭಾಗದ ಮೇಲೆ ನೂರಕ್ಕೂ ಹೆಚ್ಚು ಕಲಾವಿದರು ಚಿತ್ರ ಬರೆದರು. ಆದರೂ ‘ಪೂರ್ವದವರು’, ‘ಪಶ್ಚಿಮದವರು’ ಎಂಬ ಮಾತು ಅಲ್ಲಿ ಇನ್ನೂ ಹೋಗಿಲ್ಲ.

ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಎರಡು ಮನೆಗಳ ನಡುವಿನ ಕೆಂಪುಕಲ್ಲಿನ ಕಂಪೌಂಡ್ ಬರೆದಳು. ಮೇಲೆ ಮಲ್ಲಿಗೆ ಬಳ್ಳಿ, ಎರಡೂ ಕಡೆ ಮೊಗ್ಗು. “ಟೀಚರ್, ಆಚೆ ಮನೆಯವರು ನಮ್ಮತ್ರ ಮಾತಾಡದೆ ಎರಡು ವರ್ಷ ಆಯ್ತು” ಎಂದಳು. ನನಗೆ ಗಂಟಲು ಕಟ್ಟಿತು.

ಇಂಥ ಚಿತ್ರ ಡ್ರಾಯಿಂಗ್ ಪುಸ್ತಕದೊಳಗೆ ಸುಮ್ನೆ ಮುಚ್ಚಿಹೋಗಬಾರದು, ಅಲ್ವಾ? ನಗರಸಭೆಯವರು ಬಸ್ ಸ್ಟ್ಯಾಂಡ್ ಬಳಿ ಒಂದು ಗೋಡೆ ಬಿಟ್ಟುಕೊಡಲಿ. ಬಣ್ಣ, ಬ್ರಷ್ ನಾವೇ ತರುತ್ತೇವೆ.

– ಚಿತ್ರಕಲಾ ಶಿಕ್ಷಕಿ, ಉಡುಪಿ