ಜಾಕ್ ಮಾ ಒಬ್ಬರೇ ಅಲ್ಲ

ಸಂಪಾದಕರೇ,

ಚೀನಾದ ಉದ್ಯಮಿಗಳು ಅಂದಕೂಡಲೇ ನಮ್ಮ ಪತ್ರಿಕೆಗಳಿಗೆ ನೆನಪಾಗುವುದು ಅಲಿಬಾಬಾ ಕಂಪನಿ ಕಟ್ಟಿದ ಜಾಕ್ ಮಾ. 2020ರ ಅಕ್ಟೋಬರ್‌ನಲ್ಲಿ ಶಾಂಘೈನಲ್ಲಿ ಬ್ಯಾಂಕುಗಳನ್ನು ಟೀಕಿಸಿ ಮಾತಾಡಿದರು, ಮುಂದಿನ ತಿಂಗಳೇ ಅವರದೇ ಹಣಪಾವತಿ ಕಂಪನಿ ಆ್ಯಂಟ್‌ನ ಷೇರು ಬಿಡುಗಡೆ ನಿಂತುಹೋಯಿತು. ದೊಡ್ಡ ಸುದ್ದಿಯೇ, ಇಲ್ಲ ಅನ್ನುವುದಿಲ್ಲ. ಆದರೆ ತಾವ್ ಹುವಾಬಿ ಬಗ್ಗೆಯೂ ಸ್ವಲ್ಪ ಬರೆಯಿರಿ.

ಗುಯಿಝೌ ಪ್ರಾಂತ್ಯದ ಹಳ್ಳಿಯೊಂದರಲ್ಲಿ ಹುಟ್ಟಿದ ಈ ಹೆಂಗಸು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಗಂಡ ತೀರಿಕೊಂಡ ಮೇಲೆ ಇಬ್ಬರು ಗಂಡುಮಕ್ಕಳನ್ನು ಸಾಕಬೇಕಿತ್ತು. ಗುಯಿಯಾಂಗ್‌ನಲ್ಲಿ ನೂಡಲ್ಸ್ ಅಂಗಡಿ ಇಟ್ಟರು. ಜನ ಮುಗಿಬಿದ್ದದ್ದು ನೂಡಲ್ಸ್‌ಗಲ್ಲ, ಜೊತೆಗೆ ಕೊಡುತ್ತಿದ್ದ ಮೆಣಸಿನಕಾಯಿ ಚಟ್ನಿಗೆ! ಆ ದಾರಿಯಲ್ಲಿ ಹೋಗುವ ಲಾರಿ ಚಾಲಕರಿಗೆ ಕಾಸು ತೆಗೆದುಕೊಳ್ಳದೆ ಚಟ್ನಿ ಕಟ್ಟಿಕೊಟ್ಟರು, ಅವರೇ ಅದರ ಹೆಸರನ್ನು ಊರೂರಿಗೆ ಮುಟ್ಟಿಸಿದರು, ಜಾಹೀರಾತಿಗೆ ಖರ್ಚೇ ಇಲ್ಲ ನೋಡಿ. 1996ರಲ್ಲಿ ಕಾರ್ಖಾನೆ ಶುರುವಾಯಿತು. 'ಲಾವೊ ಗಾನ್ ಮಾ' ಬಾಟಲಿಯ ಕೆಂಪು ಲೇಬಲ್ ಮೇಲಿರುವ ಆ ನಗುವಿಲ್ಲದ ಮುಖ ಅವರದೇ. ಈಗ ವಿದೇಶದ ಏಷ್ಯನ್ ಅಂಗಡಿಗಳಲ್ಲೂ ಸಿಗುತ್ತದೆ.

ಸಹಿ ಹಾಕಲೆಂದು ತಮ್ಮ ಹೆಸರು ಬರೆಯುವುದನ್ನಷ್ಟೇ ಕಲಿತರಂತೆ. ಆದರೂ ಲೆಕ್ಕ ಪಕ್ಕಾ: ಸಾಲ ಬೇಡ, ಷೇರುಪೇಟೆ ಸಹವಾಸವೂ ಬೇಡ. ಮಕ್ಕಳ ಕೈಗೆ ವ್ಯವಹಾರ ಬಿಟ್ಟುಕೊಟ್ಟ ಮೇಲೆ ರುಚಿ ಮೊದಲಿನಂತಿಲ್ಲ ಎಂದು ಗ್ರಾಹಕರು ಗೊಣಗಿದರು, ಮಾರಾಟ ಇಳಿಯಿತು, ಎಪ್ಪತ್ತು ದಾಟಿದ ಅಮ್ಮನೇ ಮತ್ತೆ ಬಂದು ಕೂರಬೇಕಾಯಿತು. ಅಲ್ಲೂ ಅಷ್ಟೇ, ಅಲ್ವಾ?

ನಿಮ್ಮ ವಾಣಿಜ್ಯ ಪುಟದಲ್ಲಿ ಇಂಥವರಿಗೂ ಅರ್ಧ ಕಾಲಂ ಕೊಡಿ. ಟೆಕ್ ಕುಬೇರರ ಸುದ್ದಿ ಜಾಸ್ತಿಯೇ ಆಗಿದೆ.

— ಒಬ್ಬ ಓದುಗ