ಬೋಳಾದ ದೇವಕಣಗಿಲೆ ಕೀಳಬೇಡ ಗೆಳೆಯಾ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಫೋಟೋ ನೋಡಿದೆ. ದೇವಕಣಗಿಲೆಯ ಎಲೆಯೆಲ್ಲ ಉದುರಿ ಕುಂಡದಲ್ಲಿ ಬರೀ ದೊಣ್ಣೆ ನಿಂತಿದೆ. ‘ಸತ್ತಿತು, ಕೀಳಲಾ?’ ಅಂತ ಬೇರೆ ಕೇಳಿದ್ದೀಯ. ತಡಿಯಪ್ಪಾ! ಇಲ್ಲಿ ರಾಯಚೂರಿನಲ್ಲಿ ನಮ್ಮ ಮಾಳಿಗೆ ಮೇಲಿನ ಗಿಡವೂ ಈಗ ಹೀಗೇ ಇದೆ. ಚಳಿಗೆ ಎಲೆ ಉದುರಿಸಿ ಮಲಗುವುದು ಅದರ ಅಭ್ಯಾಸ.

ಕಾಂಡವನ್ನು ಬೆರಳಿನಿಂದ ಒತ್ತಿ ನೋಡು. ಗಟ್ಟಿ ಇದ್ದರೆ ಜೀವ ಇದೆ. ಉಗುರಿನಿಂದ ಚೂರು ಕೆರೆದರೆ ಸಿಪ್ಪೆಯ ಕೆಳಗೆ ಹಸಿರು ಕಾಣುತ್ತದೆ. ಆ ಕೈಯನ್ನು ಮಾತ್ರ ಕಣ್ಣಿಗೆ ಮುಟ್ಟಿಸಬೇಡ, ಅದರ ಹಾಲು ಉರಿ ಹತ್ತಿಸುತ್ತದೆ.

ನನ್ನ ಮೊದಲ ಕೊಂಬೆ ಸತ್ತದ್ದು ನೀರಿಲ್ಲದೆ ಅಲ್ಲ, ನೀರು ಜಾಸ್ತಿಯಾಗಿ. ಕಡಿದ ದಿನವೇ ಪೇಂಟ್ ಡಬ್ಬಿಯಲ್ಲಿ ಎರೆಮಣ್ಣು ತುಂಬಿ ನೆಟ್ಟೆ. ನಮ್ಮೂರ ಬಿಸಿಲು ಗೊತ್ತಲ್ಲ, ಪಾಪ ಅಂತ ಬೆಳಿಗ್ಗೆ ಸಂಜೆ ಚೊಂಬು ಚೊಂಬು ಸುರಿದೆ. ತಿಂಗಳ ಮೇಲೆ ಹಿಡಿದು ಎಳೆದರೆ ಬುಡ ಬೆಂದ ಗೆಣಸಿನ ಹಾಗೆ ಕೈಗೆ ಬಂತು. ಎರೆಮಣ್ಣು ಹತ್ತಿಗೆ ಸರಿ, ಈ ಬೇರಿಗಲ್ಲ. ನೀರು ಹಿಡಿದರೆ ಬಿಡುವುದಿಲ್ಲ.

ಎರಡನೇ ಕೊಂಬೆಯನ್ನು ಸುಮ್ನೆ ನೆರಳಿನಲ್ಲಿ ಹತ್ತು ದಿನ ಮಲಗಿಸಿಟ್ಟೆ. ಕಡಿದ ಜಾಗ ಒಣಗಿ ಗಾಯದ ಹಕ್ಕಳೆಯಂತಾಯಿತು. ಆಮೇಲೆ ಅರ್ಧ ಕೆಂಪು ಮಣ್ಣು, ಅರ್ಧ ಉಸುಕು, ಒಂದು ಹಿಡಿ ಬೇವಿನ ಹಿಂಡಿ. ಡಬ್ಬಿಯ ತಳಕ್ಕೆ ನಾಲ್ಕು ತೂತು. ನೀನು ಒಯ್ದದ್ದು ಆ ಗಿಡದ್ದೇ ಕೊಂಬೆ.

ಹಂಪಿಯ ವಿಠ್ಠಲ ಗುಡಿಯ ಅಂಗಳದಲ್ಲಿ ಸೊಟ್ಟ ಮರ ನೋಡಿದ್ದೆವಲ್ಲ, ಅದೇ ಜಾತಿ. ಕೃಷ್ಣದೇವರಾಯನೇ ನೆಡಿಸಿದ್ದು ಅಂತ ನೀನು ವಾದ ಮಾಡಿದ್ದೆ! ರಾಯ ತೀರಿಕೊಂಡದ್ದು 1529ರಲ್ಲಿ. ಇದು ಮೆಕ್ಸಿಕೊ, ಕೆರಿಬಿಯನ್ ಕಡೆಯಿಂದ ಆಮೇಲೆ ಬಂದ ಗಿಡ ಕಣೋ. ಪ್ಲುಮೇರಿಯಾ ಅನ್ನುವ ಇದರ ವೈಜ್ಞಾನಿಕ ಹೆಸರೂ ಶಾರ್ಲ್ ಪ್ಲೂಮಿಯೇ ಎಂಬ ಫ್ರೆಂಚ್ ಸಸ್ಯತಜ್ಞನ ಹೆಸರಿನಿಂದ ಬಂದದ್ದು.

ಇನ್ನೊಂದು ಮಜಾ ಕೇಳು. ಹೂವಿನಲ್ಲಿ ಮಕರಂದವೇ ಇಲ್ಲ. ರಾತ್ರಿ ಘಮ್ಮೆಂದು ವಾಸನೆ ಬಿಟ್ಟು ಪತಂಗಗಳನ್ನು ಕರೆಯುತ್ತದೆ, ಅವು ಹೂವಿಂದ ಹೂವಿಗೆ ಹುಡುಕಿ ಬರಿಗೈಲಿ ಹೋಗುತ್ತವೆ. ಪಕ್ಕಾ ಮೋಸ, ಅಲ್ವಾ?

ಬಿಸಿಲು ಚೆನ್ನಾಗಿ ಬೀಳುವ ಕಡೆ ಇಡು. ಯೂರಿಯಾ ಹಾಕಬೇಡ, ಎಲೆ ಬರುತ್ತದೆ, ಹೂ ಬರುವುದಿಲ್ಲ. ಮಳೆಗಾಲದಲ್ಲಿ ಎಲೆಯ ಹಿಂಬದಿ ಕಿತ್ತಳೆ ಪುಡಿ ಕಂಡರೆ ಅದು ತುಕ್ಕು ರೋಗ. ಆ ಎಲೆ ಕಿತ್ತು ಸುಟ್ಟುಬಿಡು.

ತುದಿಯಲ್ಲಿ ಹಸಿರು ಚಿಗುರು ಕಾಣುವವರೆಗೆ ಹದಿನೈದು ದಿನಕ್ಕೊಮ್ಮೆ ಒಂದು ಲೋಟ ನೀರು ಸಾಕು. ಅದಕ್ಕೂ ಉಳಿಯದಿದ್ದರೆ ಇನ್ನೊಂದು ಕೊಂಬೆ ಒಯ್ಯು. ಆದರೆ ಅಮ್ಮನನ್ನು ನೀನೇ ಕೇಳಬೇಕು. ‘ಗೋರಿ ಮುಂದಿನ ಗಿಡ ಮನ್ಯಾಗ ಯಾಕ?’ ಅಂತ ಬೈದಿದ್ದವಳು ಈಗ ದಿನಾ ಬೆಳಿಗ್ಗೆ ಉದುರಿದ ಹೂ ಆರಿಸಿ ದೇವರಿಗೆ ಇಡುತ್ತಾಳೆ, ಕೊಂಬೆ ಮುಟ್ಟಲು ನನಗೇ ಬಿಡುವುದಿಲ್ಲ.

ನಿನ್ನ ಗೆಳೆಯ