ಚುಟುಕಕ್ಕೂ ಲೆಕ್ಕಕ್ಕೂ ಒಂದೇ ಅಂಕಣವಿರಲಿ

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಕವಿತೆ ಒಂದು ಪುಟದಲ್ಲಿ, ಲೆಕ್ಕದ ಒಗಟು ಮಕ್ಕಳ ಪುಟದ ಮೂಲೆಯಲ್ಲಿ, ಮನೆಯ ಮೇಜು-ಕುರ್ಚಿಗಳ ವಿನ್ಯಾಸದ ಬರಹ ಮತ್ತೊಂದು ಕಡೆ ಅಚ್ಚಾಗುತ್ತದೆ. ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದ ನಾನು, ಈ ಮೂರನ್ನೂ ಒಂದೇ ಬಾಳಿನಲ್ಲಿ ಮಾಡಿದ, ಅವುಗಳಲ್ಲಿ ಎರಡನ್ನು ಒಂದೇ ದಿನಪತ್ರಿಕೆಯ ಮೂಲಕ ಜನರಿಗೆ ಮುಟ್ಟಿಸಿದ ಡೆನ್ಮಾರ್ಕಿನ ಪೀಟ್ ಹೈನ್ ಅವರನ್ನು ನಿಮ್ಮ ಓದುಗರಿಗೆ ಪರಿಚಯಿಸಿ, ತಮ್ಮಲ್ಲಿ ಒಂದು ಕೋರಿಕೆ ಇಡಲು ಈ ಪತ್ರ ಬರೆಯುತ್ತಿದ್ದೇನೆ.

ಹೈನ್ 1905ರ ಡಿಸೆಂಬರ್ 16ರಂದು ಕೋಪನ್‌ಹೇಗನ್‌ನಲ್ಲಿ ಹುಟ್ಟಿ, 1996ರ ಏಪ್ರಿಲ್ 17ರಂದು ತೀರಿಕೊಂಡರು. ಮೊದಲು ಚಿತ್ರಕಲೆಯನ್ನೂ ಆಮೇಲೆ ಭೌತವಿಜ್ಞಾನವನ್ನೂ ಅಭ್ಯಾಸ ಮಾಡಿದರು. ಭೌತವಿಜ್ಞಾನಿ ನೀಲ್ಸ್ ಬೋರ್ ಅವರ ಸಂಸ್ಥೆಯ ಒಡನಾಟವೂ ಅವರಿಗಿತ್ತು. 1940ರ ಏಪ್ರಿಲ್‌ನಲ್ಲಿ ಜರ್ಮನ್ ಸೇನೆ ಡೆನ್ಮಾರ್ಕನ್ನು ವಶಪಡಿಸಿಕೊಂಡಿತು. ಅದಾದ ಸ್ವಲ್ಪ ದಿನಗಳಲ್ಲೇ ಅಲ್ಲಿನ 'ಪೊಲಿಟಿಕೆನ್' ದಿನಪತ್ರಿಕೆಯಲ್ಲಿ 'ಕುಂಬೆಲ್' ಎಂಬ ಅಂಕಿತದಿಂದ ಪುಟ್ಟ ಪುಟ್ಟ ಪದ್ಯಗಳು ಬರತೊಡಗಿದವು. ಅವರು ಅವನ್ನು 'ಗ್ರುಕ್' ಎಂದು ಕರೆದರು. ನಾವು ಚುಟುಕ ಎನ್ನಬಹುದು. ಮೊದಲನೆಯದರ ತಾತ್ಪರ್ಯ ಇಷ್ಟೇ: ಒಂದು ಕೈಗವಸು ಕಳೆದುಹೋದರೆ ನೋವೇ ಸರಿ, ಆದರೆ ಒಂದು ಕಳೆಯಿತೆಂದು ಇನ್ನೊಂದನ್ನೂ ಎಸೆದುಬಿಟ್ಟ ಮೇಲೆ ಮೊದಲನೆಯದು ಸಿಕ್ಕಿದರೆ ಆಗುವ ನೋವಿನ ಮುಂದೆ ಅದೇನೂ ಅಲ್ಲ. ಸೆನ್ಸಾರ್ ಮಾಡುವವರಿಗೆ ಇದು ಚಳಿಗಾಲದ ಒಂದು ಬಡ ಪದ್ಯ. ಸ್ವಾತಂತ್ರ್ಯ ಕಳೆದುಕೊಂಡಿದ್ದ ಡೇನರಿಗೆ ಮಾತ್ರ, ಆತ್ಮಗೌರವವನ್ನೂ ಅದರ ಹಿಂದೆಯೇ ಎಸೆದುಬಿಡಬೇಡಿ ಎಂಬ ಮಾತು ಅದರಲ್ಲಿ ಕೇಳಿಸಿತು. ಹೈನ್ ಆಮೇಲೆ ಇಂಥ ಸಾವಿರಾರು ಚುಟುಕಗಳನ್ನು ಡ್ಯಾನಿಶ್ ಭಾಷೆಯಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದರು. ಪದ್ಯದ ಪಕ್ಕದಲ್ಲಿ ನಾಲ್ಕು ಗೆರೆಗಳ ಚಿತ್ರವನ್ನೂ ತಾವೇ ಬಿಡಿಸುತ್ತಿದ್ದರು.

ಅದೇ ಪತ್ರಿಕೆ 1942ರ ಡಿಸೆಂಬರ್‌ನಲ್ಲಿ ಅವರ ಒಂದು ಆಟವನ್ನು ಓದುಗರ ಮುಂದಿಟ್ಟಿತು. ಭೂಪಟದಲ್ಲಿ ಅಕ್ಕಪಕ್ಕದ ಪ್ರದೇಶಗಳಿಗೆ ಒಂದೇ ಬಣ್ಣ ಬಾರದಂತೆ ತುಂಬಲು ನಾಲ್ಕು ಬಣ್ಣ ಸಾಕೇ ಎಂಬ ಹಳೆಯ ಗಣಿತದ ಪ್ರಶ್ನೆಯನ್ನು ಯೋಚಿಸುತ್ತಿದ್ದಾಗ ಅವರಿಗೆ ಹೊಳೆದ ಆಟವದು. ಜೇನುಗೂಡಿನಂತೆ ಆರು ಮೂಲೆಯ ಮನೆಗಳು, 11 ಸಾಲುಗಳಲ್ಲಿ ತಲಾ 11. ಇಬ್ಬರೂ ಸರದಿಯಂತೆ ಒಂದೊಂದು ಕಾಯಿ ಇಡಬೇಕು. ಒಬ್ಬರು ಮೇಲಿನ ಅಂಚಿನಿಂದ ಕೆಳಗಿನ ಅಂಚಿಗೆ, ಇನ್ನೊಬ್ಬರು ಎಡದಿಂದ ಬಲಕ್ಕೆ ತಮ್ಮ ಕಾಯಿಗಳ ಸಾಲು ಕೂಡಿಸಬೇಕು. ಇಟ್ಟ ಕಾಯಿ ಕದಲದು, ಯಾರ ಕಾಯಿಯನ್ನೂ ಯಾರೂ ಹೊಡೆಯುವಂತಿಲ್ಲ. ಕೆಲವು ವರ್ಷಗಳ ನಂತರ ಅಮೆರಿಕದಲ್ಲಿ ಗಣಿತಜ್ಞ ಜಾನ್ ನ್ಯಾಶ್ ಇದನ್ನೇ ಸ್ವತಂತ್ರವಾಗಿ ಕಂಡುಕೊಂಡರು. ಇಂದು ಅದು 'ಹೆಕ್ಸ್' ಎಂಬ ಹೆಸರಿನಿಂದ ಪ್ರಸಿದ್ಧ.

ಈ ಆಟದ ಸೊಗಸು, ಅದು ಎಂದೂ ಸಮಬಲದಲ್ಲಿ ಮುಗಿಯುವುದಿಲ್ಲ ಎಂಬುದು. ಕಳೆದ ಬೇಸಿಗೆ ರಜೆಯಲ್ಲಿ ಹಾಳೆಯ ಮೇಲೆ ಪಟ ಬರೆದುಕೊಂಡು ನಾನು ಕವಡೆ, ಮೊಮ್ಮಗಳು ಹುಣಸೆಬೀಜ ಹಿಡಿದು ಆಡುತ್ತಿದ್ದೆವು. ಎಷ್ಟು ಆಡಿದರೂ ಡ್ರಾ ಏಕೆ ಆಗುವುದಿಲ್ಲ ಎಂದು ಅವಳು ಕೇಳಿದಾಗ ಕೆರೆಯ ಏರಿ ನೆನಪಾಯಿತು. ಹುಣಸೆಬೀಜ ನೀರು, ಕವಡೆ ಮಣ್ಣು ಎಂದುಕೋ ಎಂದೆ. ಪಟ ಪೂರ್ತಿ ತುಂಬಿದ ಮೇಲೆ, ಒಂದೋ ನೀರು ಈ ದಡದಿಂದ ಆ ದಡಕ್ಕೆ ಹರಿದಿರಬೇಕು, ಇಲ್ಲವೇ ಅದನ್ನು ತಡೆಯುವ ಏರಿ ಈ ಕೊನೆಯಿಂದ ಆ ಕೊನೆಯವರೆಗೆ ಎದ್ದಿರಬೇಕು. ಎರಡೂ ಆಗುವುದಿಲ್ಲ, ಎರಡೂ ಆಗದಿರುವುದೂ ಇಲ್ಲ. ಅವಳು ಸ್ವಲ್ಪ ಹೊತ್ತು ಪಟವನ್ನೇ ನೋಡಿ, "ಹಾಗಾದರೆ ಅಜ್ಜಿ, ನಿನ್ನ ದಾರಿ ಅಡ್ಡಗಟ್ಟುವುದೂ ನನ್ನ ದಾರಿ ಮಾಡಿಕೊಳ್ಳುವುದೂ ಒಂದೇ" ಎಂದಳು. ಹತ್ತು ವರ್ಷದ ಹುಡುಗಿ ಆಟದ ತಿರುಳನ್ನೇ ಹೇಳಿಬಿಟ್ಟಿದ್ದಳು. ಮೊದಲು ಆಡುವವರಿಗೆ ಗೆಲುವಿನ ದಾರಿ ಇದ್ದೇ ಇದೆಯೆಂದು ನ್ಯಾಶ್ ಸಾಧಿಸಿದರು. ಆ ದಾರಿ ಯಾವುದೆಂದು ಅವರ ಸಾಧನೆ ತೋರಿಸುವುದಿಲ್ಲ. ತರ್ಕದ ಈ ಬಗೆಯನ್ನು ಮಕ್ಕಳಿಗೆ ಮನದಟ್ಟು ಮಾಡಲು ಇದಕ್ಕಿಂತ ಒಳ್ಳೆಯ ಸಾಧನ ನನ್ನ ಸೇವಾವಧಿಯಲ್ಲಿ ನನಗೆ ಸಿಕ್ಕಿರಲಿಲ್ಲ.

ವಿನ್ಯಾಸಕಾರರಾಗಿ ಹೈನ್ ಅವರ ಹೆಸರು ನಿಂತಿರುವುದು ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್‌ನ ನಡುವಿನ ಸೆರ್ಗೆಲ್ ಚೌಕದಲ್ಲಿ. ನಗರದ ಹಳೆಯ ಕೇಂದ್ರವನ್ನು ಹೊಸದಾಗಿ ಕಟ್ಟುತ್ತಿದ್ದಾಗ, ಆಯತಾಕಾರದ ಜಾಗದೊಳಗೆ ವಾಹನಗಳು ಸುಗಮವಾಗಿ ಸುತ್ತಿ ಹೋಗುವಂಥ ಆಕಾರ ಬೇಕಾಗಿತ್ತು. ದೀರ್ಘವೃತ್ತದ ತುದಿಗಳು ತೀರ ಚೂಪು; ಆಯತದ ಮೂಲೆಗೆ ವೃತ್ತದ ತುಂಡು ಜೋಡಿಸಿದರೆ ನೇರ ಗೆರೆ ಮುಗಿದು ತಿರುವು ಶುರುವಾಗುವ ಕಡೆ ಎದ್ದು ಕಾಣುವ ಬೆಸುಗೆ. 1959ರಲ್ಲಿ ಈ ತೊಡಕು ಹೈನ್ ಅವರ ಬಳಿಗೆ ಬಂದಾಗ ಅವರು ದೀರ್ಘವೃತ್ತದ ಸಮೀಕರಣವನ್ನೇ ತೆಗೆದುಕೊಂಡು, ಅದರಲ್ಲಿನ ಘಾತ 2ರ ಬದಲಿಗೆ 2.5 ಇಟ್ಟರು. ಈ ಬಗೆಯ ರೇಖೆಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಫ್ರಾನ್ಸಿನ ಗಣಿತಜ್ಞ ಗೇಬ್ರಿಯಲ್ ಲಾಮೆ ಅಭ್ಯಾಸ ಮಾಡಿದ್ದರು. ಅವುಗಳಲ್ಲಿ ಕಣ್ಣಿಗೆ ಒಪ್ಪುವ ಒಂದನ್ನು ಆರಿಸಿ ಊರ ನಡುವೆ ತಂದಿಟ್ಟದ್ದು ಹೈನ್. ಮನೆಯಲ್ಲಿ ಯಾರು ಬೇಕಾದರೂ ಇದನ್ನು ಲೆಕ್ಕ ಮಾಡಿ ನೋಡಬಹುದು. ನಡುಬಿಂದುವಿನಿಂದ ಎರಡೂ ದಿಕ್ಕಿನ ಅಳತೆ 1 ಎಂದಿಟ್ಟುಕೊಂಡರೆ, ಮೂಲೆಯತ್ತ ಹೋಗುವ ಕರ್ಣದ ಮೇಲೆ ವೃತ್ತವು ಅಡ್ಡಕ್ಕೂ ಉದ್ದಕ್ಕೂ 0.71ರಲ್ಲಿ ತಿರುಗುತ್ತದೆ, ಚೌಕ 1ರವರೆಗೂ ಹೋಗುತ್ತದೆ, ಹೈನ್ ಅವರ ರೇಖೆ 0.76ರ ಬಳಿ ತಿರುಗುತ್ತದೆ. ಚೌಕಕ್ಕೂ ವೃತ್ತಕ್ಕೂ ನಡುವಿನ ರಾಜಿ ಇದೆಂದು ಹಲವರು ಹೇಳುತ್ತಾರೆ. ರಾಜಿ ಎಂಬ ಮಾತು ನನಗೆ ಸರಿ ಎನಿಸದು. ರಾಜಿಯಲ್ಲಿ ಇಬ್ಬರಿಗೂ ಏನೋ ನಷ್ಟವಾಗಿರುತ್ತದೆ, ಇಲ್ಲಿ ಯಾವುದಕ್ಕೂ ನಷ್ಟವಿಲ್ಲ. ಅದೇ ಆಕಾರದಲ್ಲಿ ಸ್ವೀಡನ್ನಿನ ಪೀಠೋಪಕರಣ ವಿನ್ಯಾಸಕ ಬ್ರೂನೊ ಮ್ಯಾಥ್ಸನ್ ಜೊತೆಗೂಡಿ ಅವರು ರೂಪಿಸಿದ ಮೇಜು ಪ್ರಸಿದ್ಧವಾಯಿತು. ಅದೇ ರೇಖೆಯನ್ನು ಸುತ್ತಿಸಿ ಮಾಡಿದ ಲೋಹದ ಮೊಟ್ಟೆ, ಯಾವ ಆಸರೆಯೂ ಇಲ್ಲದೆ ತುದಿಯ ಮೇಲೆ ನೆಟ್ಟಗೆ ನಿಲ್ಲುತ್ತದೆ.

ಏಳು ತುಂಡುಗಳನ್ನು ಜೋಡಿಸಿ ಘನ ಮಾಡುವ ಅವರ 'ಸೋಮ' ಎಂಬ ಒಗಟಿನ ಬಗ್ಗೆ ಪ್ರತ್ಯೇಕ ಪತ್ರವನ್ನೇ ಬರೆಯಬೇಕಾದೀತು.

ಹತ್ತು ಕಡೆ ಕೈಯಾಡಿಸಿದವರೆಂದು ಇಂಥವರನ್ನು ಹೊಗಳುವುದರಲ್ಲಿ ಒಂದು ತಪ್ಪಿದೆ ಎಂದು ನನ್ನ ಅಭಿಪ್ರಾಯ. ಹೈನ್ ಹಲವು ಕೆಲಸ ಮಾಡಲಿಲ್ಲ. ಅತಿ ಕಡಿಮೆ ಸಾಮಗ್ರಿಯಲ್ಲಿ, ಇನ್ನೊಂದು ಅಕ್ಷರವನ್ನೂ ಇನ್ನೊಂದು ನಿಯಮವನ್ನೂ ಸೇರಿಸಬೇಕಿಲ್ಲ ಎನ್ನುವಂತೆ ತೊಡಕನ್ನು ಬಿಡಿಸುವ ಒಂದೇ ಕೆಲಸವನ್ನು ಪದ್ಯದಲ್ಲಿಯೂ ಪಟದಲ್ಲಿಯೂ ಊರಿನ ಚೌಕದಲ್ಲಿಯೂ ಮಾಡಿದರು. ಇದು ನಮಗೆ ಹೊಸದಾಗಿ ಕಾಣಬಾರದು. 12ನೆಯ ಶತಮಾನದಲ್ಲಿಯೇ ರಾಜಾದಿತ್ಯ ಲೆಕ್ಕಶಾಸ್ತ್ರವನ್ನು ಕನ್ನಡ ಪದ್ಯಗಳಲ್ಲಿ ಬರೆದಿದ್ದಾನೆ. ಆದರೂ ಹತ್ತನೆಯ ತರಗತಿ ಮುಗಿದ ಮಗುವಿಗೆ ನಾವು ಕೇಳುವ ಮೊದಲ ಪ್ರಶ್ನೆ ಸೈನ್ಸೋ ಆರ್ಟ್ಸೋ ಎಂಬುದು. ರೇಖಾಗಣಿತದ ಪುಸ್ತಕದ ಅಂಚಿನಲ್ಲಿ ಚುಟುಕ ಬರೆಯುತ್ತಿದ್ದ ಹುಡುಗನೊಬ್ಬನಿಗೆ, ಪಾಠದ ಕಡೆ ಗಮನ ಕೊಡು ಎಂದು ನಾನೇ ಗದರಿದ್ದೆ. ಅವನು ಬರೆದದ್ದು ಸಮಾನಾಂತರ ರೇಖೆಗಳ ಮೇಲೆಯೇ ಎಂಬುದನ್ನು ಅಂದು ನಾನು ಓದಿಯೂ ನೋಡಲಿಲ್ಲ. ಅದು ಇಂದಿಗೂ ನನ್ನನ್ನು ಕಾಡುತ್ತದೆ.

ಆದ್ದರಿಂದ ನನ್ನ ಕೋರಿಕೆ: ಪುರವಣಿಯಲ್ಲಿ ವಾರಕ್ಕೊಂದು ಚಿಕ್ಕ ಅಂಕಣವನ್ನು, ಒಂದು ಚುಟುಕ, ಒಂದು ಗಣಿತದ ಆಟ ಮತ್ತು ಅವೆರಡಕ್ಕೂ ಹೊಂದುವ ಗೆರೆಚಿತ್ರ ಮೂರೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ದಯವಿಟ್ಟು ಆರಂಭಿಸಿ. ಓದುಗರಿಂದಲೇ, ವಿಶೇಷವಾಗಿ ಶಾಲಾಮಕ್ಕಳಿಂದ ಬರಹಗಳನ್ನು ಆಹ್ವಾನಿಸಿ. ಮೊದಲ ವಾರಕ್ಕೆ ಬೇಕಾಗುವ ಹೆಕ್ಸ್ ಪಟವನ್ನು ಈ ಪತ್ರದ ಜೊತೆ ಲಗತ್ತಿಸಿದ್ದೇನೆ. ಎರಡು ಅಂಕಣದ ಅಗಲ ಸಾಕು. ಬಣ್ಣದ ಅಚ್ಚು ಬೇಕಿಲ್ಲ, ಮಕ್ಕಳು ಎರಡು ಬಣ್ಣದ ಪೆನ್ಸಿಲ್ ಹಿಡಿದು ಪತ್ರಿಕೆಯ ಮೇಲೆಯೇ ಆಡಬಹುದು.

ಇಂತಿ,
ನಿವೃತ್ತ ಗಣಿತ ಶಿಕ್ಷಕಿ,
ತೀರ್ಥಹಳ್ಳಿ